ಯೀಸ್ಟಿನ ಮರ್ಜಿ, ರಾಗಿಯ ಹದ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಹೋಬಳಿಗೂ ಬೆಲ್ಜಿಯಂನ ತೂರ್ಪ್ ಎಂಬ ಹಳ್ಳಿಗೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲ. ಇಲ್ಲಿ ಕೆಂಪು ಮಣ್ಣು, ಮಳೆ ನಂಬಿ ಬಿತ್ತುವ ರಾಗಿ, ನಡುನಡುವೆ ಅವರೆಯ ಅಕ್ಕಡಿ ಸಾಲು, ಕೊಳವೆಬಾವಿಯಲ್ಲಿ ನೀರು ಸಿಕ್ಕವರಿಗೆ ಟೊಮೆಟೊ, ಹಿಪ್ಪುನೇರಳೆ. ಅಲ್ಲಿ ಬಾರ್ಲಿ, ಗೋಧಿ, ವರ್ಷದ ಬಹುಪಾಲು ಮೋಡ ಮುಸುಕಿದ ತಂಪು. ಆದರೆ ತೂರ್ಪಿನ ‘ಬ್ರಾಸ್ರಿ ದ್ಯುಪೋಂ’ ಎಂಬ ಹೊಲಮನೆ ಬ್ರೂವರಿಯಲ್ಲಿ 1844ರಿಂದ ಬಿಯರ್ ತಯಾರಾಗುತ್ತಿದೆ. ಅಲ್ಲಿನ ಯೀಸ್ಟ್ ಮೈಬಿಚ್ಚಿ ಕೆಲಸ ಮಾಡುವುದು 30 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಏಪ್ರಿಲ್ ತಿಂಗಳಲ್ಲಿ ಚಿಂತಾಮಣಿ ಸೀಮೆಯ ಯಾವ ಮನೆಯೊಳಗೆ ಪಾತ್ರೆ ಇಟ್ಟರೂ ತಾನಾಗಿಯೇ ಏರುವ ಬಿಸಿ ಅದು. ಬೇರೆ ಬಹುತೇಕ ಬಿಯರ್ ಯೀಸ್ಟ್‌ಗಳು ಕೆಟ್ಟ ವಾಸನೆ ಬಿಡಲು ಶುರುಮಾಡುವ ಸೆಕೆಯಲ್ಲಿ ಇದಕ್ಕೆ ಹುರುಪು.

ಈ ಒಂದು ಸಂಗತಿಯನ್ನು ಹಿಡಿದು ಹೊರಟರೆ ಬಿಯರಿನ ಪಾಕ ಆರಿಸುವ ಕ್ರಮವೇ ತಲೆಕೆಳಗಾಗುತ್ತದೆ. ಮನೆಯಲ್ಲಿ ಬಿಯರ್ ಮಾಡುವವರು ಸಾಮಾನ್ಯವಾಗಿ ಯಾವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಎಷ್ಟು ಹಾಪ್ಸ್ (ಕಹಿ, ಘಮ ಕೊಡುವ ಹೂವು) ಎಂದು ಮೊದಲು ತೀರ್ಮಾನಿಸಿ, ಕೊನೆಗೆ ಅಂಗಡಿಯಲ್ಲಿ ಸಿಕ್ಕ ಯೀಸ್ಟ್ ಪೊಟ್ಟಣ ಒಡೆದು ಸುರಿಯುತ್ತಾರೆ. ಅಮೆರಿಕದ ಹಾಪ್ಸ್ ಘಮದ ಬಿಯರುಗಳಿಗೆ ಅದು ನಡೆದೀತು. ಬೆಲ್ಜಿಯಂನ ಮಠಗಳ, ರೈತರ ಮನೆಗಳ ಯೀಸ್ಟ್‌ಗಳ ಹತ್ತಿರ ನಡೆಯುವುದಿಲ್ಲ. ಒಂದೇ ಹಸುವಿನ ಹಾಲಿಗೆ ಎರಡು ಮನೆಯ ಹೆಪ್ಪು ಹಾಕಿದರೆ ಎರಡು ಬಗೆಯ ಮೊಸರಾಗುವಂತೆ, ಈ ಬಿಯರುಗಳಲ್ಲಿ ರುಚಿಯ ದೊಡ್ಡ ಪಾಲು ಯೀಸ್ಟಿನದು. ಯೀಸ್ಟ್ ಯಾವುದು, ಅದಕ್ಕೆ ಎಷ್ಟು ಬಿಸಿ ಹಿತ, ಅದು ಏನನ್ನು ತಿಂದು ಏನನ್ನು ಬಿಡುತ್ತದೆ ಎಂಬುದು ಗೊತ್ತಾದ ಮೇಲೆ ಧಾನ್ಯದ ಚೀಟಿ ಬರೆಯಬೇಕು.

ಕಾಯ್ದೆಯ ಮಾತು

ಪಾಕಕ್ಕೆ ಇಳಿಯುವ ಮುನ್ನ ಒಂದು ಮಾತು ಸ್ಪಷ್ಟವಾಗಿರಲಿ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಮನೆ ಮಟ್ಟಿಗೆ, ಸ್ವಂತಕ್ಕೆ ಎಂದರೂ ಕೆಂಚಾರ್ಲಹಳ್ಳಿಯಲ್ಲಾಗಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಾಗಲಿ ಬಿಯರ್ ಹುದುಗಿಸುವಂತಿಲ್ಲ. ಬ್ರಿಟನ್ನಿನಲ್ಲಿ 1963ರಲ್ಲೇ ಮನೆ ಬಿಯರಿಗೆ ಪರವಾನಗಿಯ ಅಗತ್ಯ ತೆಗೆದುಹಾಕಿದರು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನಂತೆ, ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ಮಾರಾಟಕ್ಕಲ್ಲದೆ ತಯಾರಿಸಿಕೊಳ್ಳಬಹುದು. ಆದ್ದರಿಂದ ಮುಂದೆ ಬರುವ ಅಳತೆಗಳನ್ನು ಕೈಯಾರೆ ಪ್ರಯೋಗಿಸುವ ಅವಕಾಶ ಇರುವುದು ಸ್ಯಾನ್ ಹೋಸೆಯ ಗ್ಯಾರೇಜಿನಲ್ಲೋ ಲಂಡನ್ನಿನ ಅಡುಗೆಮನೆಯಲ್ಲೋ ಇರುವ ಕನ್ನಡಿಗರಿಗೆ. ಇಲ್ಲಿರುವವರಿಗೆ ಅವು ಬ್ರೂಪಬ್ಬಿನಲ್ಲಿ ಲೋಟ ಕೈಗೆ ಬಂದಾಗ ಅದರೊಳಗೆ ಏನಿದೆ ಎಂದು ತಿಳಿಯಲು.

ಆ ಬ್ರೂಪಬ್ಬುಗಳ ಕಥೆಯಲ್ಲೂ ಬೆಲ್ಜಿಯಂ ಇದೆ, ಮನೆ ಬಿಯರೂ ಇದೆ. ಬೆಂಗಳೂರಿನ ಲ್ಯಾವೆಲ್ ರಸ್ತೆ ಬದಿಯಲ್ಲಿ 2011ರಲ್ಲಿ ‘ದ ಬಿಯೆರ್ ಕ್ಲಬ್’ ಶುರುವಾದ ಮೇಲೆ ಊರಿನ ತುಂಬ ಮೈಕ್ರೊಬ್ರೂವರಿಗಳು ಎದ್ದವು. ಅದಕ್ಕೂ ಮೊದಲೇ, ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಎಂಜಿನಿಯರಾಗಿದ್ದು ಹವ್ಯಾಸಕ್ಕೆ ಮನೆಯಲ್ಲೇ ಬಿಯರ್ ಮಾಡುತ್ತಿದ್ದ ನಾರಾಯಣ್ ಮಾನೇಪಲ್ಲಿ ಬೆಂಗಳೂರಿಗೆ ಮರಳಿ, ಜೊತೆಗಾರರೊಂದಿಗೆ ‘ಗೈಸ್ಟ್’ ಕಂಪನಿ ಕಟ್ಟಿದ್ದರು. ಗೈಸ್ಟ್‌ನ ಮೊದಲ ಬಿಯರುಗಳು ಬೆಲ್ಜಿಯಂನಲ್ಲಿ ತಯಾರಾಗಿ ಇಲ್ಲಿಗೆ ಬರುತ್ತಿದ್ದವು. ಮುಂದೆ ಆ ಕಂಪನಿ ಸ್ವಂತ ಬ್ರೂವರಿ ಮಾಡಿಕೊಂಡದ್ದು ಹಳೇ ಮದ್ರಾಸ್ ರಸ್ತೆಯಲ್ಲಿ. ಹೊಸಕೋಟೆ ಮುಟ್ಟಿ ಚಿಂತಾಮಣಿಗೆ ತಿರುಗಿಕೊಳ್ಳುವವರು ದಿನಾ ಓಡಾಡುವ ದಾರಿಯಲ್ಲಿ. 2015ರಲ್ಲಿ ಮಾರುಕಟ್ಟೆಗೆ ಬಂದ ‘ಬಿರಾ 91’ ಕೂಡ ಮೊದಲು ತಯಾರಾದದ್ದು ಬೆಲ್ಜಿಯಂನಲ್ಲೇ.

ಲವಂಗ ಎಲ್ಲಿಂದ ಬಂತು?

ಬೆಲ್ಜಿಯನ್ ಬಿಯರ್ ಮೂಗಿಗೆ ಹಿಡಿದವರು ಬಾಳೆಹಣ್ಣು, ಲವಂಗ, ಕಾಳುಮೆಣಸು ಎನ್ನುತ್ತಾರೆ. ಎಷ್ಟೋ ಸಲ ಪಾತ್ರೆಗೆ ಅವ್ಯಾವುವೂ ಬಿದ್ದಿರುವುದಿಲ್ಲ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಬಿಡುವಾಗ ಜೊತೆಗೆ ಸಣ್ಣ ಪ್ರಮಾಣದಲ್ಲಿ ಎಸ್ಟರ್‌ಗಳನ್ನೂ ಹುಟ್ಟಿಸುತ್ತದೆ. ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್ ಬಾಳೆಹಣ್ಣಿನ ವಾಸನೆ ಕೊಟ್ಟರೆ ಈಥೈಲ್ ಹೆಕ್ಸಾನೊಯೇಟ್ ಸೇಬಿನ, ಸೋಂಪಿನ ನೆನಪು ತರುತ್ತದೆ. ಲವಂಗದ ಮೂಲ ಬೇರೆ. ಧಾನ್ಯದ ಹೊಟ್ಟಿನಲ್ಲಿ ಫೆರುಲಿಕ್ ಆಮ್ಲ ಇರುತ್ತದೆ. ಕೆಲವು ಯೀಸ್ಟ್‌ಗಳು ಅದರಿಂದ ಒಂದು ಇಂಗಾಲದ ಕೊಂಡಿ ಕಳಚಿ 4-ವಿನೈಲ್ ಗ್ವಾಯಕಾಲ್ ಎಂಬ ಫೀನಾಲ್ ಮಾಡುತ್ತವೆ. ಅದೇ ಲವಂಗದ, ಮಸಾಲೆಯ ಘಮ.

ಎಲ್ಲ ಯೀಸ್ಟ್‌ಗೂ ಈ ವಿದ್ಯೆ ಬಾರದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಕೆವಿನ್ ವರ್‌ಸ್ಟ್ರೆಪನ್ ಅವರ ತಂಡ ಮತ್ತು ಸಹವರ್ತಿಗಳು 157 ಉದ್ಯಮ ಯೀಸ್ಟ್‌ಗಳ ವಂಶವಾಹಿ ಓದಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಗುಟ್ಟು ಸಿಗುತ್ತದೆ. ಕಾಡು ಯೀಸ್ಟಿಗೆ ಫೀನಾಲ್ ಮಾಡುವ ಶಕ್ತಿ ಸಹಜ. ಶತಮಾನಗಳ ಕಾಲ ಮನುಷ್ಯ ತನಗೆ ಬೇಕಾದ ಬಿಯರಿನ ಗಸಿಯನ್ನೇ ಉಳಿಸಿ ಮುಂದಿನ ಪಾತ್ರೆಗೆ ಹಾಕುತ್ತ ಬಂದಾಗ, ಬಹುತೇಕ ಬಿಯರ್ ಯೀಸ್ಟ್‌ಗಳಲ್ಲಿ ಆ ಜೀನುಗಳು ಕೆಟ್ಟು ನಿಂತವು. ಮಸಾಲೆ ಘಮವನ್ನೇ ಬಯಸಿದ ಜರ್ಮನಿಯ ಗೋಧಿ ಬಿಯರ್ ಮತ್ತು ಬೆಲ್ಜಿಯಂನ ಹಲವು ಯೀಸ್ಟ್‌ಗಳಲ್ಲಿ ಮಾತ್ರ ಅವು ಉಳಿದುಕೊಂಡವು. ನಾಲಿಗೆಯ ರುಚಿ ವಂಶವಾಹಿಯನ್ನೇ ತಿದ್ದಿದೆ.

ಪಾಕ ಆರಿಸುವವರಿಗೆ ಇದರಿಂದ ಒಂದು ನೇರ ಪಾಠ ಉಂಟು. ಯೀಸ್ಟ್ ತಾನೇ ಹಣ್ಣು, ಮಸಾಲೆ ತರುವುದಾದರೆ ಧಾನ್ಯ ಅದಕ್ಕೆ ಜಾಗ ಬಿಟ್ಟು ನಿಲ್ಲಬೇಕು. ಕ್ಯಾರಮೆಲ್ ಮಾಲ್ಟ್, ಹುರಿದ ಮಾಲ್ಟ್, ಕಿತ್ತಳೆ ವಾಸನೆಯ ಅಮೆರಿಕನ್ ಹಾಪ್ಸ್ ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಯಾವುದೂ ಕೇಳಿಸದ ಸಂತೆಯಾಗುತ್ತದೆ.

ಗೋಧಿ ಬಿಯರಿನ ಹಾಲಿನವ

ಬೆಂಗಳೂರಿನವರಿಗೆ ಬೆಲ್ಜಿಯನ್ ಎಂದರೆ ಮೊದಲು ನೆನಪಾಗುವುದು ವಿಟ್. ಮಸುಕು ಬಿಳುಪಿನ, ಹಗುರ ಹುಳಿಯ ಗೋಧಿ ಬಿಯರ್. ಅದು ಇಂದು ಉಳಿದಿರುವುದಕ್ಕೆ ಹುಗಾರ್ಡನ್ ಊರಿನಲ್ಲಿ ಹಾಲು ಹಾಕುತ್ತಿದ್ದ ಪಿಯರ್ ಸೆಲಿಸ್ ಕಾರಣ. ಊರಿನ ಕೊನೆಯ ವಿಟ್ ಬ್ರೂವರಿ 1950ರ ದಶಕದಲ್ಲಿ ಬಾಗಿಲು ಹಾಕಿತು. ಹುಡುಗನಾಗಿದ್ದಾಗ ಅಲ್ಲಿ ಕೈಗೆಲಸ ಮಾಡಿದ್ದ ಸೆಲಿಸ್ 1960ರ ದಶಕದ ಮಧ್ಯದಲ್ಲಿ ನೆನಪಿನ ಮೇಲೆಯೇ ಅದನ್ನು ಮತ್ತೆ ಕಾಯಿಸಿದರು. ಮಾಲ್ಟ್ ಮಾಡದ ಹಸಿ ಗೋಧಿ, ಕೊತ್ತಂಬರಿ ಬೀಜ, ಒಣಗಿದ ಕಿತ್ತಳೆ ಸಿಪ್ಪೆ ಅದರ ಗುರುತು.

20 ಲೀಟರ್ ವಿಟ್‌ಗೆ ಪಿಲ್ಸ್‌ನರ್ ಬಾರ್ಲಿ ಮಾಲ್ಟ್ 2.2 ಕಿಲೊ, ಹಸಿ ಗೋಧಿ ನುಚ್ಚು 1.9 ಕಿಲೊ, ಓಟ್ಸ್ 200 ಗ್ರಾಂ ಸಾಕು. ಬಿಸಿನೀರಿನಲ್ಲಿ ಧಾನ್ಯ ನೆನೆಸುವ ಮ್ಯಾಶ್ ಹಂತದಲ್ಲಿ ಮೊದಲ 15–20 ನಿಮಿಷ 45 ಡಿಗ್ರಿಯ ಆಸುಪಾಸಿನಲ್ಲಿ ತಡೆದರೆ ಫೆರುಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ವೈಯೀಸ್ಟ್ 3944 ಅಥವಾ ಡಬ್ಲ್ಯೂಎಲ್‌ಪಿ 400 ಎಂಬ ಗುರುತಿನಲ್ಲಿ ಮಾರುವಂಥ ವಿಟ್ ಯೀಸ್ಟಿಗೆ ಲವಂಗ ಮಾಡಲು ಸರಕು ಸಿಗುತ್ತದೆ. ಆಮೇಲೆ 66 ಡಿಗ್ರಿಗೆ ಏರಿಸಿ ಒಂದು ಗಂಟೆ. ಕಹಿ ತೀರ ಕಡಿಮೆ, ಕಹಿಯ ಅಳತೆಯಾದ ಐಬಿಯು ಲೆಕ್ಕದಲ್ಲಿ 12ರಿಂದ 15. ಹುದುಗುವ ಬಿಸಿ 18ರಿಂದ 22 ಡಿಗ್ರಿ.

ಕೊತ್ತಂಬರಿಯ ವಿಷಯದಲ್ಲಿ ನಾವು ಅದೃಷ್ಟವಂತರು. ನಮ್ಮ ಸಂತೆಯಲ್ಲಿ ಸಿಗುವ ಉದ್ದನೆಯ, ತಿಳಿ ಬಣ್ಣದ ಧನಿಯಾ ಯುರೋಪಿನ ಗುಂಡು ಬೀಜಕ್ಕಿಂತ ನಿಂಬೆಯ ಕಡೆಗೆ ವಾಲುವ ಘಮದ್ದು. ಬ್ರೂಯಿಂಗ್ ಬರಹಗಾರ ರ‍್ಯಾಂಡಿ ಮೋಶರ್ ಅಮೆರಿಕದ ಓದುಗರಿಗೆ ಇಂಡಿಯನ್ ಅಂಗಡಿಗೆ ಹೋಗಿ ಅದನ್ನೇ ತನ್ನಿ ಎಂದು ಸಲಹೆ ಕೊಟ್ಟದ್ದು ಇದಕ್ಕೇ. 20 ಲೀಟರಿಗೆ 20 ಗ್ರಾಂ ಧನಿಯಾ, ಹುರಿಯದೆ ಒರಳಿನಲ್ಲಿ ಎರಡು ಏಟು ಹಾಕಿ, ಕುದಿಯ ಕೊನೆಯ ಐದು ನಿಮಿಷಕ್ಕೆ. ಜೊತೆಗೆ 15 ಗ್ರಾಂ ಒಣ ಕಿತ್ತಳೆ ಸಿಪ್ಪೆ. ಒಳಗಿನ ಬಿಳಿ ನಾರು ಕೆರೆದು ತೆಗೆದಿದ್ದರೆ ಒಳ್ಳೆಯದು. ಕುಡಿದವರು ಧನಿಯಾ ಎಂದು ಗುರುತಿಸಿದರೆ ಹೆಚ್ಚಾಯಿತೆಂದೇ ಅರ್ಥ.

ಒಂದೇ ಯೀಸ್ಟ್, ಎರಡು ಮಠ

ಯೀಸ್ಟಿಗೆ ತಕ್ಕ ಪಾಕ ಎಂದಮೇಲೆ ಯೀಸ್ಟಿಗೆ ತಕ್ಕ ಬಿಸಿಯೂ ಸೇರಿತು. ಬೆಲ್ಜಿಯಂನ ಟ್ರ್ಯಾಪಿಸ್ಟ್ ಮಠಗಳ ಉದಾಹರಣೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ವೆಸ್ಟ್‌ಫ್ಲೇಟರನ್ ಮಠದ ಸನ್ಯಾಸಿಗಳು ಯೀಸ್ಟ್ ತರಿಸಿಕೊಳ್ಳುವುದು ವೆಸ್ಟ್‌ಮಾಲ ಮಠದಿಂದ. ವೆಸ್ಟ್‌ಮಾಲದಲ್ಲಿ ಹುದುಗುವ ತೊಟ್ಟಿ 20 ಡಿಗ್ರಿ ಆಸುಪಾಸು ದಾಟದಂತೆ ತಂಪು ಮಾಡುತ್ತಾರೆ. ವೆಸ್ಟ್‌ಫ್ಲೇಟರನ್‌ನಲ್ಲಿ ಅದೇ ಯೀಸ್ಟನ್ನು 28 ಡಿಗ್ರಿವರೆಗೂ ಏರಲು ಬಿಡುತ್ತಾರೆ. ಒಂದು ಕಡೆ ಸ್ವಚ್ಛವಾದ, ಹಿಡಿತದ ರುಚಿ. ಇನ್ನೊಂದು ಕಡೆ ಒಣದ್ರಾಕ್ಷಿ, ಹಣ್ಣು ತುಂಬಿದ ಗಾಢ ರುಚಿ. ಪೊಟ್ಟಣದ ಮೇಲಿನ ಹೆಸರು ಅರ್ಧ ಮಾತನ್ನಷ್ಟೇ ಹೇಳುತ್ತದೆ.

ವೆಸ್ಟ್‌ಮಾಲದ ಯೀಸ್ಟ್ ಮನೆಯವರಿಗೆ ವೈಯೀಸ್ಟ್ 3787 ಅಥವಾ ಡಬ್ಲ್ಯೂಎಲ್‌ಪಿ 530 ಎಂಬ ಹೆಸರಿನಲ್ಲಿ ಸಿಗುತ್ತದೆ. ಅದಕ್ಕೆ ಹೇಳಿ ಮಾಡಿಸಿದ ಪಾಕ ಟ್ರಿಪಲ್. 1934ರಲ್ಲಿ ಆ ಮಠವೇ ಈ ಹೊಂಬಣ್ಣದ ಗಟ್ಟಿ ಬಿಯರನ್ನು ಹೊರತಂದಿತು. ಅದರ ಆಲ್ಕೋಹಾಲ್ ಪ್ರಮಾಣ ಶೇಕಡ 9.5. 20 ಲೀಟರಿಗೆ 5.5 ಕಿಲೊ ಪಿಲ್ಸ್‌ನರ್ ಮಾಲ್ಟ್, 1 ಕಿಲೊ ಸಾದಾ ಸಕ್ಕರೆ, 30–35 ಐಬಿಯು ಕಹಿ. ಬೇರೇನೂ ಬೇಡ. ಬಿಯರಿಗೆ ಸಕ್ಕರೆ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಇಷ್ಟು ಗಟ್ಟಿಯ ಬಿಯರನ್ನು ಬರೀ ಮಾಲ್ಟಿನಲ್ಲೇ ಮಾಡಿದರೆ ನಾಲಿಗೆಗೆ ಅಂಟುವ ಪಾನಕವಾಗುತ್ತದೆ. ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುವುದರಿಂದ ಬಿಯರು ತೆಳುವಾಗಿ, ಒಣಗಿ ನಿಲ್ಲುತ್ತದೆ. 18 ಡಿಗ್ರಿಯಲ್ಲಿ ಶುರುಮಾಡಿ ಮೂರು ದಿನದ ಮೇಲೆ 23ರವರೆಗೆ ಬಿಟ್ಟರೆ ಹದ. ಇಂಥ ಗಟ್ಟಿ ಪಾಕಕ್ಕೆ ಒಣ ಯೀಸ್ಟಾದರೆ ಎರಡು ಪೊಟ್ಟಣ ಬೇಕು.

ಅದೇ ಯೀಸ್ಟ್ ಕಂದು ಬಣ್ಣದ ಡಬಲ್‌ಗೂ ಒಗ್ಗುತ್ತದೆ, ಅಲ್ಲಿ ನಮ್ಮ ಬೆಲ್ಲಕ್ಕೆ ಜಾಗ ಇದೆ. ಬೆಲ್ಜಿಯನ್ನರು ಕಾಯಿಸಿ ಕಪ್ಪಾಗಿಸಿದ ಕ್ಯಾಂಡಿ ಸಿರಪ್ ಹಾಕುವ ಜಾಗದಲ್ಲಿ 500 ಗ್ರಾಂ ಕಪ್ಪು ಬೆಲ್ಲ ಹಾಕಬಹುದು, ಜೊತೆಗೆ 4.4 ಕಿಲೊ ಪಿಲ್ಸ್‌ನರ್, 500 ಗ್ರಾಂ ಮ್ಯೂನಿಕ್, 150 ಗ್ರಾಂ ಸ್ಪೆಷಲ್ ಬಿ ಮಾಲ್ಟ್. ನೋಡಲು ಚೆಂದವೆಂದು ರಾಸಾಯನಿಕ ಹಾಕಿ ಬಿಳುಪು ಮಾಡಿದ ಹಳದಿ ಅಚ್ಚು ಬೇಡ. ಬೆಲ್ಲದಲ್ಲಿ ಖನಿಜದ ಸಣ್ಣ ಉಪ್ಪುತನ ಇರುವುದರಿಂದ ಅರ್ಧ ಕಿಲೊ ದಾಟದಿರುವುದು ಲೇಸು.

ಸೆಕೆ ಬೇಡುವ ಸೇಸೋಂ

ತೂರ್ಪಿನ ಕಡೆಗೆ ಈಗ ಬರೋಣ. ಅದು ಬೆಲ್ಜಿಯಂನ ಫ್ರೆಂಚ್ ಮಾತನಾಡುವ ಎನೋ ಪ್ರಾಂತ್ಯದಲ್ಲಿದೆ. ಅಲ್ಲಿನ ರೈತರು ಚಳಿಗಾಲದಲ್ಲಿ ಬಿಯರ್ ಕಾಯಿಸಿಟ್ಟು, ಬೇಸಿಗೆಯ ಸುಗ್ಗಿಗೆ ಬರುವ ಕೂಲಿಯಾಳುಗಳಿಗೆ ಕುಡಿಯಲು ಕೊಡುತ್ತಿದ್ದರೆಂದು ಹೇಳುವುದುಂಟು. ಆ ಬಗೆಯ ಬಿಯರಿಗೆ ಸೇಸೋಂ ಎಂದು ಹೆಸರು. ಇಂದು ಜಗತ್ತು ಅದರ ಮಾದರಿಯೆಂದು ನೋಡುವುದು ಶೇಕಡ 6.5 ಆಲ್ಕೋಹಾಲ್ ಇರುವ ಸೇಸೋಂ ದ್ಯುಪೋಂ ಬಿಯರನ್ನು: ತಿಳಿ ಬಣ್ಣ, ಮೆಣಸಿನ ಚುರುಕು, ಬಾಯಿ ಒಣಗಿಸುವ ಮುಕ್ತಾಯ.

ಈ ಯೀಸ್ಟ್ (ವೈಯೀಸ್ಟ್ 3724, ಡಬ್ಲ್ಯೂಎಲ್‌ಪಿ 565) ಹೊಸಬರ ತಾಳ್ಮೆ ಪರೀಕ್ಷಿಸುವುದರಲ್ಲಿ ಹೆಸರುವಾಸಿ. ಮೊದಲ ಮೂರು ದಿನ ಭರದಿಂದ ನೊರೆಯೆದ್ದು ಗುಳುಗುಳು ಎನ್ನುತ್ತದೆ. ಆಮೇಲೆ ಏಕಾಏಕಿ ಸದ್ದಡಗುತ್ತದೆ. 1.052 ಸಾಂದ್ರತೆಯಲ್ಲಿ ಶುರುವಾದ ದ್ರಾವಣಕ್ಕೆ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ 1.035 ತೋರಿಸುತ್ತದೆ. ಸಕ್ಕರೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಯೀಸ್ಟ್ ಮಾತ್ರ ಮಲಗಿದೆ. ಅದು ಸತ್ತಿರುವುದಿಲ್ಲ, ಅದಕ್ಕೆ ಚಳಿಯಾಗಿರುತ್ತದೆ. 32ರಿಂದ 35 ಡಿಗ್ರಿಗೆ ಏರಿಸಿ ಕಾದರೆ ನಿಧಾನಕ್ಕೆ ಎದ್ದು 1.004ರವರೆಗೆ ಇಳಿಸಿಕೊಡುತ್ತದೆ. ಶುರುವಿನ ದಿನಗಳಲ್ಲಿ ಬಾಯಿಗೆ ಬಿಗಿ ಮುಚ್ಚಳದ ಬದಲು ಸಡಿಲವಾಗಿ ಫಾಯಿಲ್ ಮುಚ್ಚಿದರೆ ಅನಿಲದ ಒತ್ತಡ ತಪ್ಪಿ ಈ ನಿದ್ದೆಯೇ ಬರುವುದಿಲ್ಲ ಎನ್ನುವ ಅನುಭವಿಗಳೂ ಇದ್ದಾರೆ. ಚಳಿ ದೇಶದವರು ಇದಕ್ಕಾಗಿ ಪಾತ್ರೆಗೆ ಬಿಸಿಪಟ್ಟಿ ಸುತ್ತುತ್ತಾರೆ. ಬಯಲುಸೀಮೆಯ ಬೇಸಿಗೆಯಲ್ಲಿ ಆ ಖರ್ಚಿಲ್ಲ.

ಕಾಯಲು ವ್ಯವಧಾನವಿಲ್ಲದವರಿಗೆ ಫ್ರೆಂಚ್ ಸೇಸೋಂ ಎಂದು ಕರೆಯುವ ವೈಯೀಸ್ಟ್ 3711 ಇದೆ, ಒಣ ಪೊಟ್ಟಣದ ಬೆಲ್ ಸೇಸೋಂ, ಬಿಇ-134 ಇವೆ. ಇವು ನಡುವೆ ನಿಲ್ಲುವುದಿಲ್ಲ. ಬದಲಿಗೆ ನಿಲ್ಲಬೇಕಾದ ಕಡೆಯೂ ನಿಲ್ಲುವುದಿಲ್ಲ. ಇವು ಡಯಾಸ್ಟಾಟಿಕಸ್ ಗುಂಪಿಗೆ ಸೇರಿದವು. ಎಸ್‌ಟಿಎ-1 ಎಂಬ ಜೀನಿನ ಬಲದಿಂದ ಒಂದು ಕಿಣ್ವ ಹೊರಸೂಸಿ, ಬೇರೆ ಯೀಸ್ಟ್ ಮುಟ್ಟಲಾಗದ ಡೆಕ್ಸ್‌ಟ್ರಿನ್ ಎಂಬ ದೊಡ್ಡ ಸಕ್ಕರೆಗಳನ್ನೂ ಒಡೆದು ತಿನ್ನುತ್ತವೆ. ಬಿಯರ್ ಮುಗಿಯಿತೆಂದು ಆತುರದಲ್ಲಿ ಶೀಸೆಗೆ ತುಂಬಿದರೆ ಒಳಗೆ ಕೆಲಸ ಮುಂದುವರಿದು ಶೀಸೆ ಸಿಡಿಯುತ್ತದೆ. ಹೈಡ್ರೋಮೀಟರ್ ಒಂದು ವಾರ ಒಂದೇ ಅಂಕಿ ತೋರಿಸಿದ ಮೇಲೆ, ದಪ್ಪ ಗಾಜಿನ ಶೀಸೆಯಲ್ಲಷ್ಟೇ ತುಂಬಬೇಕು. ಆ ಪೈಪು, ತೊಟ್ಟಿಗಳನ್ನು ಬೇರೆ ಬಿಯರಿಗೆ ಬಳಸದಿರುವುದೂ ಜಾಣತನ.

ಇನ್ನೂ ಬಿಸಿ ಊರಿನವರಿಗೆ ನಾರ್ವೆಯ ರೈತರ ಕ್ವೈಕ್ ಇದೆ. ವೋಸ್ ಕಡೆಯ ಕ್ವೈಕ್ 35ರಿಂದ 40 ಡಿಗ್ರಿಯಲ್ಲೂ ಎರಡು ಮೂರು ದಿನದಲ್ಲಿ ಕೆಲಸ ಮುಗಿಸಿ ಕಿತ್ತಳೆಯ ಘಮ ಬಿಡುತ್ತದೆ. ಲವಂಗ, ಮೆಣಸು ಅದರಲ್ಲಿ ಹುಟ್ಟುವುದಿಲ್ಲ. ಸೇಸೋಂ ಪಾಕಕ್ಕೆ ಕ್ವೈಕ್ ಹಾಕಿ ಮಸಾಲೆ ಹುಡುಕಿದರೆ ನಿರಾಸೆಯೇ. ಅದಕ್ಕೆ ಗಟ್ಟಿ ಮಾಲ್ಟಿನ, ಹಣ್ಣಿನ ಘಮದ ಹಾಪ್ಸ್ ಇರುವ ಪಾಕ ಸರಿ.

ಲೋಟಕ್ಕೆ ಬಂದ ರಾಗಿ

ರಾಗಿಯಿಂದ ಬಿಯರ್ ಎಂಬುದು ಬೆಂಗಳೂರಿನ ಬ್ರೂಪಬ್ಬುಗಳ ಹೊಸ ಚಪಲ ಅಲ್ಲ. ನೇಪಾಳ, ಸಿಕ್ಕಿಂ, ಡಾರ್ಜಿಲಿಂಗ್‌ಗಳಲ್ಲಿ ಬೇಯಿಸಿದ ರಾಗಿಗೆ ಮರ್ಚಾ ಎಂಬ ಹುದುಗಿನ ಬಿಲ್ಲೆ ಬೆರೆಸಿಟ್ಟು, ಬಿದಿರಿನ ಚೊಂಬಿನಲ್ಲಿ ಬಿಸಿನೀರು ಹುಯ್ದು ಕೊಳವೆಯಲ್ಲಿ ಹೀರುವ ತೊಂಗ್ಬಾ ಇದೆ. ಟಾಂಜಾನಿಯದ ಕಿಲಿಮಂಜಾರೊ ತಪ್ಪಲಿನ ಚಗ್ಗಾ ಜನ ಬಾಳೆಹಣ್ಣು ಮತ್ತು ರಾಗಿ ಮೊಳಕೆಯಿಂದ ಎಂಬೆಗೆ ಮಾಡುತ್ತಾರೆ. ಆಫ್ರಿಕದಲ್ಲೇ ಹುಟ್ಟಿ ಇಲ್ಲಿಗೆ ಬಂದ ಧಾನ್ಯ ಇದು. ಅದನ್ನು ಮತ್ತೆ ಆಫ್ರಿಕದ ತಳಿಗಳೊಂದಿಗೆ ಕೂಡಿಸಿ ‘ಇಂಡಾಫ್’ ಸಾಲಿನ ತಳಿ ಕೊಟ್ಟವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ನಮ್ಮ ವಿಜ್ಞಾನಿ.

ಅದೇ ಸಾಲಿನ ಇಂಡಾಫ್-15 ರಾಗಿಯನ್ನು ಹಿಡಿದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ನೇರವಾಗಿ ಬಂದು ಸೇರುತ್ತದೆ. ರಾಗಿಯಲ್ಲಿ ನಾರಿಗೆ ಅಂಟಿಕೊಂಡಿರುವ ಫೀನಾಲಿಕ್ ಆಮ್ಲಗಳಲ್ಲಿ ಮುಖ್ಯವಾದದ್ದು ಫೆರುಲಿಕ್ ಆಮ್ಲವೇ ಎಂದು ಅದು ತೋರಿಸಿತು. ಮೊಳಕೆ ಕಟ್ಟಿದಾಗ ಹೀಗೆ ಅಂಟಿಕೊಂಡದ್ದರಲ್ಲಿ ಒಂದು ಪಾಲು ಬಿಡಿಸಿಕೊಳ್ಳುತ್ತದೆ. ಅವರು ನೋಡುತ್ತಿದ್ದುದು ಆರೋಗ್ಯದ ದೃಷ್ಟಿಯಿಂದ. ಬಿಯರ್ ಮಾಡುವವರ ಕಣ್ಣಿಗೆ ಅದು ಬೇರೆಯೇ ಆಗಿ ಕಾಣುತ್ತದೆ. ಲವಂಗ ಮಾಡುವ ಯೀಸ್ಟಿಗೆ ಬೇಕಾದ ಕಚ್ಚಾ ಸರಕು ರಾಗಿಯ ಹೊಟ್ಟಿನಲ್ಲಿದೆ. ಸ್ವಚ್ಛ ರುಚಿಯ ಲಾಗರ್ ಯೀಸ್ಟಿಗೆ ರಾಗಿ ಕೊಟ್ಟರೆ ಅದು ಈ ಆಮ್ಲವನ್ನು ಮುಟ್ಟದೆ ಬಿಡುತ್ತದೆ. ರಾಗಿಗೆ ಸೇಸೋಂ ಯೀಸ್ಟೇ ತಕ್ಕ ಜೋಡಿ ಎನ್ನಲು ಇದು ಮೊದಲ ಕಾರಣ; ಇಬ್ಬರಿಗೂ ಸೆಕೆ ಒಗ್ಗುತ್ತದೆ ಎಂಬುದು ಎರಡನೆಯದು.

ಆದರೆ ರಾಗಿ ಬಾರ್ಲಿಯಂತಲ್ಲ. ಅದರ ಪಿಷ್ಟ ಬೆಂದು ಅರಳುವುದು ಬಾರ್ಲಿಯದಕ್ಕಿಂತ ಹೆಚ್ಚಿನ ಬಿಸಿಯಲ್ಲಿ. ಸಾಮಾನ್ಯ ಮ್ಯಾಶ್‌ನ 65 ಡಿಗ್ರಿಗೆ ಹಾಕಿದರೆ ಅರೆಬರೆ ಬೆಂದು ಬಹಳಷ್ಟು ಪಿಷ್ಟ ಹಾಗೇ ಉಳಿಯುತ್ತದೆ. ಕಾಳಿನ ಮೇಲೆ ಬಾರ್ಲಿಗಿರುವಂಥ ಸಿಪ್ಪೆ ಇಲ್ಲವಾದ್ದರಿಂದ ಸೋಸುವಾಗ ಕೆಸರಿನಂತೆ ಕಟ್ಟಿಕೊಳ್ಳುತ್ತದೆ. ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. 700 ಗ್ರಾಂ ರಾಗಿ ಮಾಲ್ಟಿನ ಹಿಟ್ಟನ್ನು ಮೂರೂವರೆ ಲೀಟರ್ ನೀರಿನಲ್ಲಿ ಕದಡಿ, ಒಂದು ಹಿಡಿ ಪುಡಿ ಮಾಡಿದ ಬಾರ್ಲಿ ಮಾಲ್ಟ್ ಸೇರಿಸಿ, 45 ಡಿಗ್ರಿಯಲ್ಲಿ 20 ನಿಮಿಷ ಇಡಬೇಕು. ಆಮೇಲೆ ಸಣ್ಣ ಉರಿಯಲ್ಲಿ, ಗಂಟು ಕಟ್ಟದಂತೆ ಮುದ್ದೆ ಕೋಲಿನಲ್ಲಿ ತಿರುವುತ್ತ ಕುದಿ ಬರಿಸಿ ಕಾಲು ಗಂಟೆ ಬೇಯಿಸಿದರೆ ಗಟ್ಟಿ ಅಂಬಲಿಯಾಗುತ್ತದೆ. ಕುದಿದಾಗ ರಾಗಿಯ ಕಿಣ್ವಗಳು ಸಾಯುತ್ತವೆ. ಚಿಂತೆಯಿಲ್ಲ, ಮುಂದಿನ ಕೆಲಸ ಬಾರ್ಲಿಯದು. ಅಂಬಲಿಯನ್ನು ತಣ್ಣೀರು ಬೆರೆಸಿ 65 ಡಿಗ್ರಿಗೆ ಇಳಿಸಿ, 3.2 ಕಿಲೊ ಪಿಲ್ಸ್‌ನರ್ ಮಾಲ್ಟ್ ಮತ್ತು 300 ಗ್ರಾಂ ಗೋಧಿ ಮಾಲ್ಟಿನ ಮ್ಯಾಶ್‌ಗೆ ಸೇರಿಸಿ, 64–65 ಡಿಗ್ರಿಯಲ್ಲಿ ಮುಕ್ಕಾಲರಿಂದ ಒಂದೂಕಾಲು ಗಂಟೆ. ಸೋಸಲು ಸುಲಭವಾಗಲೆಂದು ತೊಳೆದ ಭತ್ತದ ಹೊಟ್ಟು ಎರಡು ಹಿಡಿ.

ಪಿಷ್ಟ ಪೂರ್ತಿ ಸಕ್ಕರೆಯಾಯಿತೇ ಎಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಅದರ ಪಕ್ಕ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಟ್ಟು ಕೂಡಿಸಿದರಾಯಿತು. ಕಪ್ಪು ನೀಲಿಗೆ ತಿರುಗಿದರೆ ಪಿಷ್ಟ ಉಳಿದಿದೆ, ಇನ್ನೂ ಕಾಯಬೇಕು. ಅಯೋಡಿನ್ನಿನ ಕಂದು ಬಣ್ಣವೇ ನಿಂತರೆ ಮ್ಯಾಶ್ ಮುಗಿಯಿತು. ಆ ಹನಿಯನ್ನು ಪಾತ್ರೆಗೆ ವಾಪಸು ಹಾಕಬಾರದು ಅಷ್ಟೆ.

ಕುದಿಗೆ 300 ಗ್ರಾಂ ಬೆಲ್ಲ, ಈಸ್ಟ್ ಕೆಂಟ್ ಗೋಲ್ಡಿಂಗ್ ಅಥವಾ ಸಾಜ್ ಹಾಪ್ಸ್‌ನಿಂದ 25ರಿಂದ 28 ಐಬಿಯು ಕಹಿ. 20 ಲೀಟರಿಗೆ ಸಾಂದ್ರತೆ 1.052 ಬರುತ್ತದೆ, 1.004ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇಕಡ 6.3. 22 ಡಿಗ್ರಿಯಲ್ಲಿ ಸೇಸೋಂ ಯೀಸ್ಟ್ ಹಾಕಿ, ಎರಡನೇ ದಿನದಿಂದ ತಾನಾಗಿ ಏರಲು ಬಿಡುವುದು. ರಾಗಿಯ ಪಾಲು ಇಲ್ಲಿ ಧಾನ್ಯದ ಆರನೇ ಒಂದರಷ್ಟು. ಅದನ್ನು ದುಪ್ಪಟ್ಟು ಮಾಡುವ ಆಸೆ ಬೇಡ. ರಾಗಿ ಸಿಪ್ಪೆಯ ಒಗರು, ಸೇಸೋಂನ ಒಣಗುಣ ಎರಡೂ ಕೂಡಿ ನಾಲಿಗೆ ಹಿಡಿದುಕೊಳ್ಳುತ್ತದೆ. ಧನಿಯಾ, ಶುಂಠಿ, ಏಲಕ್ಕಿ ಯಾವುದೂ ಬೇಕಿಲ್ಲ.

ನೀರಿನ ಬಗ್ಗೆಯೂ ಒಂದು ಎಚ್ಚರಿಕೆ. ಚಿಕ್ಕಬಳ್ಳಾಪುರ ಜಿಲ್ಲೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ಸಂಕಟ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆರಿದಷ್ಟೂ ಸಾಂದ್ರವಾಗುತ್ತದೆ. ಇಂಥ ನೀರು ಯಾವ ಪಾನೀಯಕ್ಕೂ ಸಲ್ಲದು. ಶುದ್ಧೀಕರಣ ಘಟಕದ ನೀರಿಗೆ ಚಿಟಿಕೆ ಜಿಪ್ಸಂ ಬೆರೆಸಿದರೆ ಯೀಸ್ಟಿಗೂ ಮ್ಯಾಶ್‌ಗೂ ಬೇಕಾದ ಕ್ಯಾಲ್ಸಿಯಂ ಸಿಗುತ್ತದೆ.

ಹೋಬಳಿಗೆ ತೆರೆದಿರುವ ಬಾಗಿಲು

ಕಾಯ್ದೆ ಇರುವವರೆಗೆ ಈ ಬಿಯರ್ ಕೆಂಚಾರ್ಲಹಳ್ಳಿಯ ಮನೆಗಳಲ್ಲಿ ಹುದುಗುವುದಿಲ್ಲ. ಕುಡಿತದಿಂದ ನೊಂದ ಕುಟುಂಬಗಳು ಪ್ರತಿ ಊರಿನಲ್ಲೂ ಇರುವಾಗ ಹಾಗಾಗಬೇಕೆಂದು ವಾದಿಸುವುದು ಈ ಬರಹದ ಉದ್ದೇಶವೂ ಅಲ್ಲ. ಆದರೆ ಬಿಯರ್ ಮಾಡಲು ಪರವಾನಗಿ ಬೇಕೇ ಹೊರತು ರಾಗಿ ಮೊಳಕೆ ಕಟ್ಟಲು ಬೇಡ. ಬೆಂಗಳೂರಿನ ಬ್ರೂವರಿಗಳಿಗೆ ರಾಗಿ ಬೇಕಾದರೆ ಅವು ಕೇಳಬೇಕಾದದ್ದು ಮಾಲ್ಟನ್ನು. ಜೋಳ, ಸಜ್ಜೆಯ ಮೊಳಕೆಗಿಂತ ರಾಗಿಯ ಮೊಳಕೆಯಲ್ಲಿ ಪಿಷ್ಟ ಒಡೆಯುವ ಕಿಣ್ವಗಳು ಚುರುಕು. ಮಗುವಿನ ಆಹಾರಕ್ಕೆ ರಾಗಿ ಮಾಲ್ಟ್ ಒಗ್ಗುವುದೂ ಆ ಕಾರಣಕ್ಕೇ.

ಮನೆಯ ರಾಗಿ ಮಾಲ್ಟಿಗೂ ಬ್ರೂವರಿಯ ರಾಗಿ ಮಾಲ್ಟಿಗೂ ಇರುವ ವ್ಯತ್ಯಾಸ ಕೊನೆಯ ಹಂತದ್ದು. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ಮೂರು ದಿನ ನೀರು ಚಿಮುಕಿಸಿ ಮೊಳಕೆ ಬರಿಸಿ, ಒಣಗಿಸಿ, ಬೇರು ಉಜ್ಜಿ ತೆಗೆಯುವವರೆಗೆ ಎರಡೂ ಒಂದೇ. ಆಮೇಲೆ ಮನೆಯಲ್ಲಿ ಘಮ್ಮೆನ್ನುವಂತೆ ಬಾಣಲೆಯಲ್ಲಿ ಹುರಿಯುತ್ತೇವೆ. ಅಲ್ಲಿಗೆ ಕಿಣ್ವಗಳ ಕಥೆ ಮುಗಿಯುತ್ತದೆ. ಅಂಗಡಿಯಲ್ಲಿ ಸಕ್ಕರೆ, ಏಲಕ್ಕಿ ಬೆರೆಸಿ ಮಾರುವ ಪೊಟ್ಟಣವಂತೂ ಬ್ರೂವರಿಗೆ ನಿಷ್ಪ್ರಯೋಜಕ. ಬ್ರೂವರಿಗೆ ಬೇಕಾದದ್ದು ಹುರಿಯದ, 50 ಡಿಗ್ರಿ ದಾಟದ ಗಾಳಿಯಲ್ಲಿ ಗರಿಗರಿಯಾಗಿ ಒಣಗಿಸಿದ, ಕಲ್ಲು ಮಣ್ಣಿಲ್ಲದ, ಬೂಸ್ಟು ಹಿಡಿಯದ ಮಾಲ್ಟ್. ಪ್ರತಿ ಚೀಲವೂ ಹಿಂದಿನ ಚೀಲದಂತೆಯೇ ಇರಬೇಕು. ಇದರಲ್ಲಿ ಕಷ್ಟದ್ದು ಒಣಗಿಸುವುದು, ಮತ್ತು ಬೂಸ್ಟು ತಡೆಯುವುದು. ಹೋಬಳಿಯ ರೈತ ಉತ್ಪಾದಕರ ಒಂದು ಸಂಘಕ್ಕೆ ಸಣ್ಣ ಡ್ರೈಯರ್, ತೇವ ಅಳೆಯುವ ಯಂತ್ರ, ಮೊಳಕೆ ಪ್ರಮಾಣ ಬರೆದಿಡುವ ಒಂದು ಪುಸ್ತಕ ಇದ್ದರೆ ಕೆಲಸ ಶುರುವಾಗುತ್ತದೆ. ಆ ಮಾಲ್ಟ್ ಬ್ರೂವರಿಗೆ ಹೋಗದಿದ್ದರೂ ಮಕ್ಕಳ ಆಹಾರಕ್ಕೆ, ಬೇಕರಿಗೆ ಹೋಗುತ್ತದೆ. ರಾಗಿಯನ್ನು ರಾಗಿಯಾಗಿಯೇ ಮಂಡಿಗೆ ಸುರಿಯುವುದಕ್ಕಿಂತ ಕೈಗೆ ನಾಲ್ಕು ಕಾಸು ಹೆಚ್ಚು ಉಳಿಯುವ ದಾರಿ ಅದು.